ಒಂದರೊಳಗೊಂದು ಕಚ್ಚಿಕೊಂಡ ಪಾತ್ರೆ ಬಿಡಿಸುವ ಬಗೆ

ಲೋಟದೊಳಗೆ ಲೋಟ ಸಿಕ್ಕಿಕೊಂಡರೆ ಎಲ್ಲರೂ ಮೊದಲು ಮಾಡುವುದು ಎಳೆದಾಟ. ಒಬ್ಬರು ಈ ಕಡೆ, ಇನ್ನೊಬ್ಬರು ಆ ಕಡೆ. ಅದು ಬರಲಿಲ್ಲ ಅಂದರೆ ಕಟ್ಟೆಗೆ ಕುಟ್ಟುತ್ತಾರೆ, ಸಂದಿಗೆ ಚಾಕು ತುರುಕುತ್ತಾರೆ, ಕೊನೆಗೆ ಗ್ಯಾಸ್ ಮೇಲೆ ಇಟ್ಟುಬಿಡುತ್ತಾರೆ. ದಯವಿಟ್ಟು ಇದ್ಯಾವುದನ್ನೂ ಮಾಡಬೇಡಿ. ಒಂದು ನಿಮಿಷ ಪಾತ್ರೆ ಕೈಯಲ್ಲಿ ಹಿಡಿದು ನೋಡಿ. ಹೊರಗಿರುವುದು ಯಾವ ಲೋಹ, ಒಳಗಿರುವುದು ಯಾವುದು, ಮಧ್ಯೆ ನೀರಿದೆಯಾ, ಜಿಡ್ಡಿದೆಯಾ, ಅಂಚು ಎಲ್ಲಾದರೂ ನಗ್ಗಿದೆಯಾ. ಬಿಡಿಸುವ ದಾರಿ ಈ ಉತ್ತರಗಳಲ್ಲೇ ಇರುತ್ತದೆ, ತೋಳಿನ ಬಲದಲ್ಲಿ ಇರುವುದಿಲ್ಲ.

ನಮ್ಮ ದಾವಣಗೆರೆಯಲ್ಲಿ ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ಬಂದಾಗ ಮನೆ ತುಂಬ ನೆಂಟರು. ಅಟ್ಟದ ಮೇಲಿನ ಲೋಟ, ಬಟ್ಟಲು, ಬೋಗುಣಿ ಎಲ್ಲ ಕೆಳಗಿಳಿಯುತ್ತವೆ. ಉಂಡ ಮೇಲೆ ಬಿಸಿನೀರಲ್ಲಿ ಗಡಿಬಿಡಿಯಿಂದ ತೊಳೆದು, ಒರೆಸದೆ, ಜಾಗ ಸಾಲದು ಅಂತ ಒಂದರೊಳಗೊಂದು ಸೇರಿಸಿಡುತ್ತಾರೆ. ಮಾರನೇ ದಿನ ಒಂದೂ ಬಿಡುವುದಿಲ್ಲ. ಕಾರಣ ಇದೇ: ಬಿಸಿಯಿದ್ದಾಗ ಹೊರಗಿನ ಲೋಟ ಸ್ವಲ್ಪ ಹಿಗ್ಗಿರುತ್ತದೆ, ಅದರೊಳಗೆ ತಣ್ಣಗಿರುವ ಲೋಟ ಸಲೀಸಾಗಿ ಇಳಿಯುತ್ತದೆ, ಹೊರಗಿನದು ಆರಿದ ಮೇಲೆ ಕುಗ್ಗಿ ಒಳಗಿನದನ್ನು ಅಪ್ಪಿ ಹಿಡಿಯುತ್ತದೆ. ಎತ್ತಿನ ಗಾಡಿಯ ಗಾಲಿಗೆ ಕಬ್ಬಿಣದ ಪಟ್ಟಿಯನ್ನು ಕೆಂಪಗೆ ಕಾಯಿಸಿ ತೊಡಿಸಿ ನೀರು ಹೊಯ್ಯುತ್ತಾರಲ್ಲ, ಹಾಗೆ. ಇದರ ಜೊತೆಗೆ ತಳದಲ್ಲಿ ಸಿಕ್ಕಿಕೊಂಡ ಬಿಸಿ ಗಾಳಿ, ಆವಿ ತಣ್ಣಗಾಗಿ ಕುಗ್ಗುತ್ತವೆ, ಅಂಚಿನಲ್ಲಿರುವ ನೀರು ಹೊಸ ಗಾಳಿ ಒಳಗೆ ಹೋಗಲು ಬಿಡುವುದಿಲ್ಲ. ನೀವು ಎಳೆದಷ್ಟೂ ಅದು ಒಳಗೆಳೆದುಕೊಳ್ಳುತ್ತದೆ.

ಹಾಗಾದರೆ ಬಿಡಿಸಬೇಕಾದರೆ ಇದನ್ನೇ ತಿರುಗಿಸಿ ಮಾಡಬೇಕು, ಅಲ್ವಾ? ಹೊರಗಿನದು ಹಿಗ್ಗಬೇಕು, ಒಳಗಿನದು ಕುಗ್ಗಬೇಕು. ಎರಡೂ ಸ್ಟೀಲ್ ಆಗಿದ್ದರೆ ಒಳಗಿನ ಲೋಟಕ್ಕೆ ಫ್ರಿಜ್ಜಿನ ತಣ್ಣೀರು ತುಂಬಿ, ಐಸ್ ಇದ್ದರೆ ನಾಲ್ಕು ತುಂಡು ಹಾಕಿ. ನೀರು ಚೆನ್ನಾಗಿ ಕೊರೆಯುವವರೆಗೆ ಎರಡು ನಿಮಿಷ ಬಿಡಿ. ಅಷ್ಟರಲ್ಲಿ ಅಗಲವಾದ ಪಾತ್ರೆಯಲ್ಲಿ ನೀರು ಕಾಯಿಸಿಟ್ಟುಕೊಳ್ಳಿ, ಕೊತಕೊತ ಕುದಿಯಬೇಕಿಲ್ಲ, ಕೈ ಅದ್ದಲಾಗದಷ್ಟು ಬಿಸಿಯಿದ್ದರೆ ಸಾಕು. ಹೊರಗಿನ ಲೋಟ ಮುಕ್ಕಾಲು ಮುಳುಗುವಂತೆ ಅದರಲ್ಲಿ ಹಿಡಿಯಿರಿ. ಹತ್ತು ಹದಿನೈದು ಸೆಕೆಂಡ್ ಅಷ್ಟೇ, ಜಾಸ್ತಿ ಹೊತ್ತು ಬಿಟ್ಟರೆ ಒಳಗಿನದಕ್ಕೂ ಬಿಸಿ ತಾಗಿ ಎರಡೂ ಸಮ ಆಗಿಬಿಡುತ್ತವೆ, ಮಾಡಿದ್ದೆಲ್ಲ ವ್ಯರ್ಥ. ತೆಗೆದ ತಕ್ಷಣ ಹೊರಗಿನದನ್ನು ದಪ್ಪ ಬಟ್ಟೆಯಲ್ಲಿ ಹಿಡಿದು ಒಳಗಿನದನ್ನು ತಿರುಗಿಸಿ. ಎಳೆಯಬೇಡಿ, ತಿರುಗಿಸಿ. ಒಂದು ಚೂರು ತಿರುಗಿತೆಂದರೆ ಗಾಳಿ ಒಳಗೆ ಹೋಯಿತು ಅಂತಲೇ ಅರ್ಥ, ಆಮೇಲೆ ತಾನಾಗಿ ಮೇಲೆ ಬರುತ್ತದೆ. ಕೈ ಜಾರುತ್ತಿದ್ದರೆ ಪಾತ್ರೆ ತೊಳೆಯುವ ರಬ್ಬರ್ ಗ್ಲೌಸ್ ಹಾಕಿಕೊಳ್ಳಿ, ಇಲ್ಲವೇ ಒಳಗಿನ ಲೋಟದ ಬಾಯಿಗೆ ಎರಡು ಮೂರು ರಬ್ಬರ್ ಬ್ಯಾಂಡ್ ಸುತ್ತಿ.

ಈ ಹಿಗ್ಗುವಿಕೆ ಎಷ್ಟು ಅಂತೀರಾ? 7 ಸೆಂಟಿಮೀಟರ್ ಬಾಯಿಯ ಸ್ಟೀಲ್ ಲೋಟ 60 ಡಿಗ್ರಿ ಹೆಚ್ಚು ಬಿಸಿಯಾದರೆ ಹಿಗ್ಗುವುದು ಒಂದು ಮಿಲಿಮೀಟರಿನ ನೂರರಲ್ಲಿ ಏಳು ಪಾಲು, ಅಂದರೆ ಹೆಚ್ಚುಕಡಿಮೆ ಒಂದು ತಲೆಕೂದಲಿನ ದಪ್ಪ. ಕಣ್ಣಿಗೆ ಕಾಣುವುದಿಲ್ಲ. ಆದರೆ ಕೆಳಗೆ ಕಿರಿದಾಗಿ ಮೇಲೆ ಅಗಲವಾಗಿರುವ ಲೋಟಕ್ಕೆ ಅಷ್ಟು ಸಡಿಲವಾದರೂ ಸಾಕು. ಮೊದಲ ಸಲ ಬರಲಿಲ್ಲ ಅಂತ ಬೇಸರ ಪಟ್ಟುಕೊಳ್ಳಬೇಡಿ. ಪೂರ್ತಿ ತಣ್ಣಗಾಗಲು ಬಿಟ್ಟು ಮತ್ತೆ ಮಾಡಿ. ಸ್ಟೀಲಿನಲ್ಲಿ ಬಿಸಿ ನಿಧಾನವಾಗಿ ಹರಿಯುತ್ತದೆ, ಹಾಗಾಗಿ ನಿಮಗೆ ಸ್ವಲ್ಪ ಸಮಯ ಸಿಗುತ್ತದೆ. ಎರಡೂ ಅಲ್ಯೂಮಿನಿಯಂ ಆದರೆ ಬಿಸಿ ಒಂದರಿಂದ ಇನ್ನೊಂದಕ್ಕೆ ಸರಸರ ದಾಟುತ್ತದೆ, ಅದ್ದಿ ತೆಗೆದ ಕೂಡಲೇ ತಿರುಗಿಸಬೇಕು.

ಜಾಸ್ತಿ ಜನ ಎಡವುವುದು ಎರಡು ಬೇರೆ ಬೇರೆ ಲೋಹ ಸಿಕ್ಕಿಕೊಂಡಾಗ. ಒಂದೇ ಬಿಸಿಗೆ ಸ್ಟೀಲ್ ಸುಮಾರು 17 ಪಾಲು ಹಿಗ್ಗಿದರೆ ಅಲ್ಯೂಮಿನಿಯಂ 23 ಪಾಲು ಹಿಗ್ಗುತ್ತದೆ. ಹೊರಗೆ ಅಲ್ಯೂಮಿನಿಯಂ ಬೋಗುಣಿ, ಒಳಗೆ ಸ್ಟೀಲ್ ಡಬ್ಬಿ ಇದ್ದರೆ ಸುಲಭ, ಐಸೂ ಬೇಡ ಏನೂ ಬೇಡ, ಎರಡನ್ನೂ ಒಟ್ಟಿಗೆ ಬಿಸಿನೀರಿನಲ್ಲಿ ಇಡಿ, ಹೊರಗಿನದೇ ಜಾಸ್ತಿ ಹಿಗ್ಗಿ ಬಿಡುತ್ತದೆ. ಆದರೆ ಹೊರಗೆ ಸ್ಟೀಲ್, ಒಳಗೆ ಅಲ್ಯೂಮಿನಿಯಂ ಇದ್ದರೆ ಹಾಗೆ ಒಟ್ಟಿಗೆ ಬಿಸಿ ಮಾಡಲೇಬೇಡಿ, ಒಳಗಿನದು ಇನ್ನಷ್ಟು ಉಬ್ಬಿ ಬಿಗಿಯುತ್ತದೆ. ಆಗ ಎರಡನ್ನೂ ಐಸ್ ನೀರಿನಲ್ಲಿ ಮುಳುಗಿಸಿಡಿ. ಹಿತ್ತಾಳೆ ಸುಮಾರು 19 ಪಾಲು, ಸ್ಟೀಲಿಗೂ ಅದಕ್ಕೂ ಅಂಥ ವ್ಯತ್ಯಾಸವಿಲ್ಲ, ಮೇಲೆ ಹೇಳಿದ ಹಾಗೆ ಒಳಗೆ ತಣ್ಣೀರು ಹೊರಗೆ ಬಿಸಿನೀರು ಮಾಡಿದರಾಯಿತು.

ಇನ್ನು ನಮ್ಮ ಕಡೆಯ ನೀರು. ಭದ್ರಾ ನೀರು ಬರುವ ಮನೆಯಲ್ಲಿ ಅಷ್ಟು ತೊಂದರೆಯಿಲ್ಲ. ಬೋರ್‌ವೆಲ್ ನೀರೇ ಗತಿ ಅನ್ನುವ ಮನೆಗಳಲ್ಲಿ, ಚಿತ್ರದುರ್ಗದ ಕಡೆ ಹಳ್ಳಿಗಳಲ್ಲಂತೂ, ಪಾತ್ರೆಯ ಮೇಲೆ ನೀರು ಆರಿದರೆ ಬಿಳಿ ಉಪ್ಪು ಕಟ್ಟುತ್ತದೆ. ಒದ್ದೆ ಲೋಟ ಸೇರಿಸಿಟ್ಟು ತಿಂಗಳುಗಟ್ಟಲೆ ಬಿಟ್ಟರೆ ಸಂದಿಯಲ್ಲಿ ಆ ಉಪ್ಪೇ ಗಾರೆಯಾಗಿ ಕೂರುತ್ತದೆ. ಇದಕ್ಕೆ ಬಿಸಿ ತಂಪು ಸಾಲದು, ಹುಳಿ ಬೇಕು. ಬಿಸಿನೀರಿಗೆ ನಿಂಬೆರಸ ಅಥವಾ ವಿನೆಗರ್ ಹಾಕಿ, ಎರಡೂ ಪಾತ್ರೆ ಮುಳುಗುವಂತೆ ರಾತ್ರಿಯಿಡೀ ಇಡಿ, ಬೆಳಿಗ್ಗೆ ತಿರುಗಿಸಿ ನೋಡಿ. ಹುಣಸೆಹಣ್ಣಿನ ನೀರಾದರೂ ಸರಿ. ಸ್ಟೀಲಿಗೆ ಇದು ಆಗುತ್ತದೆ, ಅಲ್ಯೂಮಿನಿಯಂ ಪಾತ್ರೆಯನ್ನು ಮಾತ್ರ ಹುಳಿಯಲ್ಲಿ ರಾತ್ರಿಯಿಡೀ ಬಿಡಬೇಡಿ, ಹುಳಿ ಅದನ್ನು ತಿನ್ನುತ್ತದೆ.

ಬೆಲ್ಲದ ಪಾಕ, ಹಳೇ ಎಣ್ಣೆ ಜಿಡ್ಡು ಅಂಟಿಕೊಂಡಿದ್ದರೆ ಸೋಪು ಕಲಸಿದ ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಅಷ್ಟೇ.

ಯಾವುದಕ್ಕೂ ಬಗ್ಗದ ಪಾತ್ರೆಗೆ ಎಣ್ಣೆ. ಪಕ್ಕದ ಚಳ್ಳಕೆರೆಯೇ ಎಣ್ಣೆ ಮಿಲ್ಲುಗಳ ಊರು, ನಮ್ಮ ಮನೆಗಳಲ್ಲಿ ಶೇಂಗಾ ಎಣ್ಣೆಗೆ ಬರವಿಲ್ಲ. ಒಣಗಿದ ಪಾತ್ರೆಯನ್ನು ಸ್ವಲ್ಪ ಬಿಸಿಲಿಗಿಟ್ಟು ಬೆಚ್ಚಗೆ ಮಾಡಿ, ಸಂದಿಯ ಸುತ್ತ ಎಣ್ಣೆ ಹನಿಸಿ. ಬೆಚ್ಚಗಿದ್ದರೆ ಎಣ್ಣೆ ತೆಳುವಾಗಿ ಒಳಗೆ ಇಳಿಯುತ್ತದೆ. ಬೇಸಿಗೆಯಲ್ಲಿ ನಮ್ಮೂರ ಬಿಸಿಲೇ ಸಾಕು. ಒಂದು ರಾತ್ರಿ ಬಿಟ್ಟು, ನೆಲಕ್ಕೆ ಹಳೇ ಕಂಬಳಿ ಮಡಚಿ ಹಾಸಿ, ಪಾತ್ರೆಯನ್ನು ಅದರ ಮೇಲೆ ತಲೆಕೆಳಗಾಗಿ ಹಿಡಿದು ಹೊರಗಿನದರ ಅಂಚಿಗೆ ಮರದ ಸೌಟಿನಿಂದ ಸುತ್ತಲೂ ತಟ್ಟಿ. ಒಂದೇ ಜಾಗಕ್ಕೆ ಹೊಡೆದರೆ ಅಂಚು ನಗ್ಗುತ್ತದೆ. ಕಬ್ಬಿಣದ ಸುತ್ತಿಗೆ ಬೇಡ. ಸಂದಿಗೆ ಏನಾದರೂ ಹಾಕಲೇಬೇಕು ಅನ್ನಿಸಿದರೆ ಹಳೆಯ ಎಟಿಎಂ ಕಾರ್ಡಿನ ಮೂಲೆ ಹಾಕಿ, ಗಾಳಿ ಹೋಗಲು ದಾರಿ ಆದರೆ ಸಾಕು.

ಗ್ಯಾಸ್ ಮೇಲೆ ಯಾಕೆ ಇಡಬಾರದು ಅಂದರೆ, ಎರಡು ಪಾತ್ರೆಗಳ ಮಧ್ಯೆ ಸಿಕ್ಕಿಕೊಂಡ ನೀರು ಕುದಿದು ಆವಿಯಾಗುತ್ತದೆ, ಹೊರಗೆ ಬರಲು ಜಾಗವಿಲ್ಲ. ಒಳಗಿನ ಪಾತ್ರೆ ಬಾಣದ ಹಾಗೆ ಚಿಮ್ಮಿ ಮುಖಕ್ಕೆ ಬಡಿಯಬಹುದು. ಬಿಸಿನೀರಿನಲ್ಲಿ ಅದ್ದುವುದು ಬೇರೆ, ಬೆಂಕಿಯ ಮೇಲೆ ಇಡುವುದು ಬೇರೆ.

ಗಾಜಿನ ಗ್ಲಾಸು, ಗಾಜಿನ ಬಟ್ಟಲಾದರೆ ಎಲ್ಲವನ್ನೂ ಮೆಲ್ಲಗೆ ಮಾಡಬೇಕು. ಐಸೂ ಬೇಡ, ಸುಡುವ ನೀರೂ ಬೇಡ, ಒಮ್ಮೆಲೇ ಅಷ್ಟು ವ್ಯತ್ಯಾಸ ಆದರೆ ಗಾಜು ಸೀಳುತ್ತದೆ. ಒಳಗೆ ನಲ್ಲಿಯ ತಣ್ಣೀರು, ಹೊರಗೆ ಮಗುವಿಗೆ ಸ್ನಾನ ಮಾಡಿಸುವಷ್ಟು ಬೆಚ್ಚಗಿನ ನೀರು, ನಾಲ್ಕೈದು ನಿಮಿಷ ತಾಳ್ಮೆ. ಸಂದಿಗೆ ಸೋಪಿನ ನೀರು ಬಿಡಿ. ಕೈಗೆ ದಪ್ಪ ಟವೆಲ್ ಸುತ್ತಿಕೊಂಡೇ ಹಿಡಿಯಿರಿ. ಫ್ರೀಜರಿನಲ್ಲಿ ಇಡುವ ಯೋಚನೆ ಬಿಟ್ಟುಬಿಡಿ, ಸಂದಿಯ ನೀರು ಐಸಾಗುವಾಗ ಸುಮಾರು 9 ಪರ್ಸೆಂಟ್ ಉಬ್ಬುತ್ತದೆ, ಗಾಜು ಅದನ್ನು ತಡೆಯುವುದಿಲ್ಲ. ಗಾಜಿನಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ಬಿಡಿಸುವ ಗೋಜಿಗೆ ಹೋಗದೆ ಪೇಪರಿನಲ್ಲಿ ಸುತ್ತಿ ಎಸೆಯಿರಿ. ಒಂದು ಗ್ಲಾಸಿಗಿಂತ ನಿಮ್ಮ ಬೆರಳು ದೊಡ್ಡದು.

ಡಬ್ಬಿಯ ಮುಚ್ಚಳ ಕಚ್ಚಿಕೊಳ್ಳುವುದೂ ಇದೇ ಕಥೆ. ಒಗ್ಗರಣೆ ಹಾಕಿದ ಮಂಡಕ್ಕಿಯನ್ನೋ ಚಕ್ಕುಲಿಯನ್ನೋ ಬಿಸಿಯಿರುವಾಗಲೇ ತುಂಬಿ ಮುಚ್ಚಿದರೆ ಒಳಗಿನ ಗಾಳಿ ಆರಿ ಮುಚ್ಚಳವನ್ನು ಎಳೆದು ಹಿಡಿಯುತ್ತದೆ. ಮಂಡಕ್ಕಿ ಮೆತ್ತಗೂ ಆಗುತ್ತದೆ, ಅದು ಬೇರೆ. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಮುಚ್ಚಳದ ಸುತ್ತ ಮಾತ್ರ ಸುತ್ತಿ, ಅರ್ಧ ನಿಮಿಷ ಬಿಟ್ಟು ತಿರುಗಿಸಿ.

ಕುಕ್ಕರ್ ವಿಷಯದಲ್ಲಿ ಎಚ್ಚರ. ಪೂರ್ತಿ ತಣ್ಣಗಾದ ಮೇಲೂ ಮುಚ್ಚಳ ಬರದಿದ್ದರೆ ಒಳಗಿನ ಆವಿ ನೀರಾಗಿ, ಹೊರಗಿನ ಗಾಳಿ ಮುಚ್ಚಳವನ್ನು ಒತ್ತಿ ಹಿಡಿದಿರುತ್ತದೆ. ವೆಯ್ಟ್ ಎತ್ತಿದರೆ ಗಾಳಿ ಒಳಗೆ ಹೋಗಿ ಬಿಡಬೇಕು. ಬಿಡಲಿಲ್ಲ ಅಂದರೆ ವೆಯ್ಟ್ ಕೂರುವ ತೂತಿನಲ್ಲಿ ಬೇಳೆ ಸಿಕ್ಕಿದೆಯಾ ನೋಡಿ, ಪಿನ್ನಿನಿಂದ ಬಿಡಿಸಿ. ತೂತು ಬಿಡುವಾಗಿದೆ ಅಂತ ಖಾತ್ರಿಯಾದ ಮೇಲೆ ವೆಯ್ಟ್ ಇಲ್ಲದೆ ಸಣ್ಣ ಉರಿಯಲ್ಲಿ ಆವಿ ಕಾಣುವವರೆಗೆ ಇಟ್ಟು, ಆರಿಸಿ, ಆವಿ ನಿಂತ ಕೂಡಲೇ ತೆಗೆಯಿರಿ. ಆವಿ ಇನ್ನೂ ಹೊರಗೆ ಬರುತ್ತಿರುವಾಗ ಮಾತ್ರ ಮುಚ್ಚಳಕ್ಕೆ ಕೈ ಹಾಕಬೇಡಿ, ಎಷ್ಟೇ ಹಸಿವಾಗಿರಲಿ.

ಪಾತ್ರೆ ಬಿಡಿಸಿದ ಮೇಲೆ ಸುಮ್ನೆ ಮತ್ತೆ ಸೇರಿಸಿಡಬೇಡಿ. ಒರೆಸಿ, ಆರಿಸಿ, ಮಧ್ಯೆ ಒಂದು ತುಂಡು ಬಟ್ಟೆಯನ್ನೋ ದಪ್ಪ ಪೇಪರನ್ನೋ ಹಾಕಿಡಿ. ಒಂದೇ ಅಳತೆಯ ಎರಡು ಲೋಟ ಪದೇ ಪದೇ ಕಚ್ಚಿಕೊಳ್ಳುತ್ತಿದ್ದರೆ ಯಾವುದೋ ಒಂದರ ಅಂಚು ನಗ್ಗಿದೆ ಅಂತ ತಿಳಿಯಿರಿ. ಅಂಥದನ್ನು ಬೇರೆ ಇಟ್ಟು, ಪಾತ್ರೆ ರಿಪೇರಿಯವನು ಬೀದಿಗೆ ಬಂದಾಗ ಕೊಟ್ಟು ಅಂಚು ಸರಿ ಮಾಡಿಸಿಕೊಳ್ಳಿ.