ದಾವಣಗೆರೆಯಲ್ಲಿ ಪೊಲೀಸ್ ದೂರು ಕೊಡುವ ಕ್ರಮ: ಯಾವ ಠಾಣೆ, ಯಾವ ಅಧಿಕಾರಿ, ಯಾವ ಕಾಗದ

ಪೊಲೀಸ್ ಠಾಣೆಗೆ ದೂರು ಹೊತ್ತು ಹೋಗುವ ಬಹುಪಾಲು ಜನರಿಗೆ ಅದು ಮೊದಲ ಸಲದ ಅನುಭವವಾಗಿರುತ್ತದೆ. ಅಂಥವರಿಗೆ ನಾನು ಮೊದಲು ಹೇಳುವುದು ಇಷ್ಟೇ: ಕೊಟ್ಟ ದೂರಿಗೆ ಸಂಖ್ಯೆಯುಳ್ಳ ಒಂದು ಕಾಗದವನ್ನು ಪಡೆಯದೆ ಠಾಣೆಯಿಂದ ಹೊರಡಬೇಡಿ. ಬಾಯಿಮಾತಿನಲ್ಲಿ ಹೇಳಿ ಬಂದ ದೂರಿನ ಬಗ್ಗೆ ನಾಳೆ ಯಾರನ್ನೂ ಕೇಳಲು ಬರುವುದಿಲ್ಲ.

ಬೆಂಗಳೂರು, ಮೈಸೂರು, ಹುಬ್ಬಳ್ಳಿ-ಧಾರವಾಡಗಳಲ್ಲಿ ಇರುವಂತೆ ದಾವಣಗೆರೆಯಲ್ಲಿ ಪೊಲೀಸ್ ಕಮಿಷನರ್ ಹುದ್ದೆ ಇಲ್ಲ. ಮಹಾನಗರ ಪಾಲಿಕೆ ಇದ್ದರೂ ನಗರದ ಠಾಣೆಗಳೆಲ್ಲ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳ, ಅಂದರೆ ಎಸ್‌ಪಿಯವರ ಅಧೀನದಲ್ಲಿವೆ. ಅವರ ಮೇಲೆ ಪೂರ್ವ ವಲಯದ ಐಜಿಪಿ (ಪೊಲೀಸ್ ಮಹಾನಿರೀಕ್ಷಕರು) ಇದ್ದು, ಚಿತ್ರದುರ್ಗ, ಶಿವಮೊಗ್ಗ, ಹಾವೇರಿ ಜಿಲ್ಲೆಗಳನ್ನೂ ನೋಡಿಕೊಳ್ಳುವ ಆ ಕಚೇರಿ ನಮ್ಮ ಊರಿನಲ್ಲೇ ಇದೆ. ಎಸ್‌ಪಿಯವರ ಕೆಳಗೆ ಡಿವೈಎಸ್‌ಪಿ (ಉಪ ವರಿಷ್ಠಾಧಿಕಾರಿ), ಠಾಣೆಯಲ್ಲಿ ಇನ್‌ಸ್ಪೆಕ್ಟರ್, ಪಿಎಸ್‌ಐ (ಸಬ್ ಇನ್‌ಸ್ಪೆಕ್ಟರ್), ಎಎಸ್‌ಐ (ಸಹಾಯಕ ಸಬ್ ಇನ್‌ಸ್ಪೆಕ್ಟರ್), ಹೆಡ್ ಕಾನ್‌ಸ್ಟೆಬಲ್, ಕಾನ್‌ಸ್ಟೆಬಲ್ ಹೀಗೆ ಶ್ರೇಣಿ ಇಳಿಯುತ್ತದೆ. "ಸಾಹೇಬರು ಬರಲಿ" ಎಂದು ಗಂಟೆಗಟ್ಟಲೆ ಬೆಂಚಿನ ಮೇಲೆ ಕಾಯುವವರನ್ನು ನೋಡಿದ್ದೇನೆ, ಅದರ ಅಗತ್ಯವಿಲ್ಲ. ಠಾಣಾಧಿಕಾರಿ ಇಲ್ಲದ ಹೊತ್ತಿನಲ್ಲಿ, ಠಾಣೆಯಲ್ಲಿ ಹಾಜರಿರುವವರ ಪೈಕಿ ಅವರ ನಂತರದ ದರ್ಜೆಯವರು, ಕಾನ್‌ಸ್ಟೆಬಲ್‌ಗಿಂತ ಮೇಲಿನವರಾಗಿದ್ದರೆ, ಕಾನೂನಿನ ದೃಷ್ಟಿಯಲ್ಲಿ ಅವರೇ ಠಾಣಾಧಿಕಾರಿ.

ಘಟನೆ ನಡೆದ ಜಾಗ ಬಸವನಗರ, ಗಾಂಧಿನಗರ, ವಿದ್ಯಾನಗರ, ಕೆಟಿಜೆ ನಗರ, ಬಡಾವಣೆ ಮುಂತಾದ ಠಾಣೆಗಳಲ್ಲಿ ಯಾವುದರ ಸರಹದ್ದಿಗೆ ಬರುತ್ತದೆಯೋ ಅಲ್ಲಿಗೆ ಹೋಗುವುದು ಸಲೀಸು. ಆದರೆ ಸರಹದ್ದು ತಿಳಿಯದಿದ್ದರೆ ಹತ್ತಿರದ ಠಾಣೆಗೇ ಹೋಗಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 173ರ ಪ್ರಕಾರ, ಸಂಜ್ಞೇಯ ಅಪರಾಧ (ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆಯೇ ಪೊಲೀಸರು ತನಿಖೆ ಮಾಡಬಹುದಾದ ಅಪರಾಧ) ಎಲ್ಲೇ ನಡೆದಿದ್ದರೂ ಯಾವ ಠಾಣೆಯಲ್ಲಾದರೂ ಮಾಹಿತಿ ಕೊಡಬಹುದು; ಸರಹದ್ದಿನ ಹೊರಗಿನ ಅಪರಾಧಕ್ಕೆ ಹೀಗೆ ದಾಖಲಾಗುವ ಎಫ್‌ಐಆರ್ ಅನ್ನೇ (ಪ್ರಥಮ ವರ್ತಮಾನ ವರದಿ) ಜೀರೋ ಎಫ್‌ಐಆರ್ ಎನ್ನುತ್ತಾರೆ. ಆನ್‌ಲೈನ್ ವಂಚನೆಯಲ್ಲಿ ಹಣ ಹೋಗಿದ್ದರೆ ಮಾತ್ರ ಠಾಣೆಗೆ ಹೊರಡುವ ಮೊದಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಆಮೇಲೆ ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಸಿಇಎನ್ ಠಾಣೆಗೆ ಹೋಗಿ. ಪ್ರಾಣಾಪಾಯವಿದ್ದರೆ 112.

ದೂರು ಬರೆಯುವುದರಲ್ಲೇ ಹೆಚ್ಚಿನವರು ಎಡವುತ್ತಾರೆ. ನಮ್ಮ ಪಕ್ಕದ ಮನೆಯ ಹಿರಿಯರೊಬ್ಬರ ಬೈಕು ಮಂಡಿಪೇಟೆಯಲ್ಲಿ ಕಳುವಾದಾಗ ಅವರು ಎರಡು ಪುಟ ದೂರು ಬರೆದಿದ್ದರು. ಸಾಲ ಮಾಡಿ ಕೊಂಡದ್ದು, ಮಗ ಕೆಲಸಕ್ಕೆ ಹೋಗಲಾಗದೆ ಕುಳಿತದ್ದು ಎಲ್ಲವೂ ಅದರಲ್ಲಿತ್ತು. ಬೈಕಿನ ನೋಂದಣಿ ಸಂಖ್ಯೆ ಮಾತ್ರ ಇರಲಿಲ್ಲ. ಮತ್ತೆ ಕೂತು ಹತ್ತು ಸಾಲಿನಲ್ಲಿ ಬರೆದೆವು: ಬೈಕು ನಿಲ್ಲಿಸಿದ್ದು ಯಾವ ಅಂಗಡಿಯ ಮುಂದೆ, ಎಷ್ಟು ಗಂಟೆಗೆ, ವಾಪಸು ಬಂದು ನೋಡಿದ್ದು ಎಷ್ಟಕ್ಕೆ, ಬಣ್ಣ, ನೋಂದಣಿ, ಎಂಜಿನ್ ಮತ್ತು ಚಾಸಿಸ್ ಸಂಖ್ಯೆ, ಎದುರಿನ ಅಂಗಡಿಯಲ್ಲಿ ಸಿಸಿಟಿವಿ ಕ್ಯಾಮೆರಾ ಇದೆ ಎಂಬ ವಿಷಯ. ತನಿಖೆಗೆ ಬೇಕಾದದ್ದು ಇವೇ. ಕಾನೂನಿನ ಕಲಂಗಳನ್ನು ನೀವು ಬರೆಯಬೇಕಿಲ್ಲ, ಅದು ಠಾಣೆಯವರ ಕೆಲಸ. ದೂರು ತಡವಾಗಿದ್ದರೆ ಕಾರಣವನ್ನು ಒಂದು ಸಾಲಿನಲ್ಲಿ ಸೇರಿಸಿ. ಅದಿಲ್ಲದಿದ್ದರೆ ನ್ಯಾಯಾಲಯದಲ್ಲಿ ಅದೇ ದೊಡ್ಡ ಪ್ರಶ್ನೆಯಾಗುತ್ತದೆ. ಬರೆಯಲು ಬಾರದವರು ಬಾಯಲ್ಲಿ ಹೇಳಬಹುದು. ಬರೆದುಕೊಂಡವರು ಅದನ್ನು ಓದಿ ಹೇಳಿದ ಮೇಲೆಯೇ ಸಹಿ ಹಾಕಿ.

ಕಳವು, ಹಲ್ಲೆಯಿಂದಾದ ತೀವ್ರ ಗಾಯ ಮುಂತಾದ ಸಂಜ್ಞೇಯ ಅಪರಾಧವಾದರೆ ಎಫ್‌ಐಆರ್ ಆಗಬೇಕು, ಅದರ ಪ್ರತಿಯನ್ನು ನಿಮಗೆ ಉಚಿತವಾಗಿ ಕೊಡಬೇಕು. ಮೂರು ವರ್ಷದಿಂದ ಏಳು ವರ್ಷದೊಳಗಿನ ಶಿಕ್ಷೆಯ ಪ್ರಕರಣಗಳಲ್ಲಿ ಡಿವೈಎಸ್‌ಪಿ ಅನುಮತಿ ಪಡೆದು 14 ದಿನಗಳೊಳಗೆ ಪ್ರಾಥಮಿಕ ವಿಚಾರಣೆ ಮಾಡಲು ಈಗ ಅವಕಾಶವಿದೆ. ಹಾಗೆ ಹೇಳಿದರೆ, ಅನುಮತಿ ಪಡೆದಿದ್ದಾರೆಯೇ ಎಂದು ವಿನಯದಿಂದ ಕೇಳಿ. ಬರೀ ಬೈಗುಳದಂಥ ಅಸಂಜ್ಞೇಯ ವಿಷಯವಾದರೆ ಎನ್‌ಸಿ (ನಾನ್-ಕಾಗ್ನಿಜಬಲ್, ಅಂದರೆ ಅಸಂಜ್ಞೇಯ) ಎಂದು ದಾಖಲಿಸುತ್ತಾರೆ. ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ಅದನ್ನು ತನಿಖೆ ಮಾಡುವಂತಿಲ್ಲ, ಆದ್ದರಿಂದ ಠಾಣೆಯವರ ಮೇಲೆ ಸಿಟ್ಟಾಗಿ ಪ್ರಯೋಜನವಿಲ್ಲ. ಸಿವಿಲ್ ವ್ಯಾಜ್ಯವೆಂದು ಕೈಬಿಟ್ಟರೆ ಹಿಂಬರಹ, ಅಂದರೆ ಹಾಗೆಂದು ಬರೆದುಕೊಡುವ ಉತ್ತರ, ಕೇಳಿ ಪಡೆಯಿರಿ.

ಸಂಜ್ಞೇಯ ಅಪರಾಧದ ದೂರನ್ನು ದಾಖಲಿಸಲು ಒಪ್ಪದಿದ್ದರೆ ಜಗಳಕ್ಕೆ ಇಳಿಯಬೇಡಿ. ಅದೇ ದೂರನ್ನು ಎಸ್‌ಪಿಯವರಿಗೆ ಅಂಚೆಯಲ್ಲಿ, ಸಾಧ್ಯವಾದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ, ರಸೀದಿ ಇಟ್ಟುಕೊಳ್ಳಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಸಲ್ಲಿಸಬಹುದು. ಎಸ್‌ಪಿಯವರಿಗೆ ಬರೆದದ್ದಕ್ಕೆ ಆ ರಸೀದಿಯೇ ಅಲ್ಲಿ ಪುರಾವೆ.

ಎಫ್‌ಐಆರ್ ಆದ ಮೇಲೆ ತನಿಖಾಧಿಕಾರಿ ಯಾರೆಂದು ಕೇಳಿ ಬರೆದಿಟ್ಟುಕೊಳ್ಳಿ. ತನಿಖೆಯ ಪ್ರಗತಿಯನ್ನು 90 ದಿನಗಳೊಳಗೆ ದೂರುದಾರರಿಗೆ ತಿಳಿಸಬೇಕೆಂದು ಸಂಹಿತೆಯೇ ಹೇಳುತ್ತದೆ. ಕಳುವಾದ ವಾಹನ ಪತ್ತೆಯಾಗದೆ ಹೋದರೆ ಪೊಲೀಸರು ನ್ಯಾಯಾಲಯಕ್ಕೆ 'ಸಿ' ರಿಪೋರ್ಟ್ ಸಲ್ಲಿಸುತ್ತಾರೆ. ಕಳವಿಗೂ ವಿಮೆ ಇದ್ದರೆ, ಹಣ ಕೇಳಲು ಹೋದಾಗ ಎಫ್‌ಐಆರ್ ಪ್ರತಿಯ ಜೊತೆಗೆ ಆ ವರದಿಯನ್ನೂ ಕೇಳುವುದು ವಾಡಿಕೆಯಾದ್ದರಿಂದ ಅದರ ಪ್ರತಿಯನ್ನೂ ಪಡೆದಿಟ್ಟುಕೊಳ್ಳಿ.