ಅಂಜಿಕೆ ಹೊಕ್ಕ ರೇಡರ್‌ನನ್ನು ಮತ್ತೆ ಅಂಕಣಕ್ಕೆ ತರುವುದು ಹೇಗೆ

ಮುಧೋಳ ತಾಲ್ಲೂಕಿನ ನಮ್ಮೂರ ಕಬಡ್ಡಿ ತಂಡದಲ್ಲಿ ನಾನು ಹದಿನಾಲ್ಕು ವರ್ಷ ಲೆಫ್ಟ್ ಕಾರ್ನರ್ ಆಡಿದೆ. ಎಡ ಮೂಲೆಯಲ್ಲಿ ನಿಂತು, ನುಗ್ಗಿ ಬಂದ ಎದುರಾಳಿಯ ಕಾಲು ಹಿಡಿಯುವುದೇ ನನ್ನ ಕೆಲಸ. ಈಗ ಸಂಜೆ ಹೊತ್ತು ಹುಡುಗರಿಗೆ ಕಲಿಸುತ್ತೇನೆ. ಹೋದ ವರ್ಷ ನಮ್ಮ ಮೇನ್ ರೇಡರ್, ಅಂದರೆ ಎದುರಾಳಿಗಳ ಕಡೆ ನುಗ್ಗಿ ಮುಟ್ಟಿ ಬರುವವನು, ಹತ್ತೊಂಬತ್ತರ ಹುಡುಗ, ಇದ್ದಕ್ಕಿದ್ದಂತೆ ಆಟವೇ ಮರೆತವನ ಹಾಗಾದ. ಪಕ್ಕದೂರಿನ ಜಾತ್ರೆ ಮ್ಯಾಚಿನ ಕೊನೆಯ ರೇಡಿನಲ್ಲಿ ಅವನ ಪಾದ ಸಿಕ್ಕಿಬಿತ್ತು. ಒಂದೇ ಪಾಯಿಂಟಿನಿಂದ ಸೋತೆವು. ಅಲ್ಲಿಂದ ಎರಡು ತಿಂಗಳು ಅವನು ಗೆರೆ ದಾಟುವುದು, ಸುಮ್ನೆ ವಾಪಸ್ ಬರುವುದು, ಇಷ್ಟೇ. ಒಂದು ಸಂಜೆ ಹತ್ತಿರ ಬಂದು ಕೂತು, "ಕಾಕಾ, ಕಾಲ ಮುಂದಕ್ಕ ಹೋಗವಲ್ವು ನೋಡ್ರಿ" ಅಂದ. ಕಣ್ಣಲ್ಲಿ ನೀರಿತ್ತು.

ನಿಮ್ಮ ತಂಡದಲ್ಲೂ ಇಂಥವನೊಬ್ಬ ಇದ್ದರೆ ಮೊದಲು ಆಟದ ಮಾತು ಬೇಡ. ರಾತ್ರಿ ಎಷ್ಟು ಹೊತ್ತಿಗೆ ಮಲಗುತ್ತಾನೆ, ಏನು ಉಣ್ಣುತ್ತಾನೆ, ಮನೆಯಲ್ಲಿ ಏನು ನಡೆದಿದೆ, ಕೇಳಿ. ನಮ್ಮವನದು ಕಬ್ಬಿನ ಸೀಜನ್. ಅಪ್ಪನ ಬದಲು ಇವನೇ ಟ್ರ್ಯಾಕ್ಟರ್ ತಗೊಂಡು ಹೋಗಿ ಕಾರ್ಖಾನೆ ಗೇಟಿನಲ್ಲಿ ರಾತ್ರಿಯೆಲ್ಲ ಪಾಳಿ ಹಚ್ಚುತ್ತಿದ್ದ. ಇದು ನಮಗೆ ಯಾರಿಗೂ ಗೊತ್ತಿರಲಿಲ್ಲ. ನಿದ್ದೆಗೆಟ್ಟ ಕಾಲು ಏಳುವುದಿಲ್ಲ, ಅದಕ್ಕೆ ಧೈರ್ಯ ತುಂಬಿ ಏನು ಮಾಡುವುದು? ನಾನೇ ಮನೆಗೆ ಹೋಗಿ ಅವರಪ್ಪನ ಹತ್ತಿರ ಮಾತಾಡಿದೆ. ವಾರಕ್ಕೆ ಎರಡೇ ರಾತ್ರಿ ಕಳಿಸುತ್ತೇನೆ ಅಂದರು. ಅರ್ಧ ಕೆಲಸ ಅಲ್ಲಿಗೇ ಆಯ್ತು ಅನ್ನಿಸಿತು.

ಮಂಡಿಯಲ್ಲಿ, ಪಾದದ ಕೀಲಿನಲ್ಲಿ ಬಾವು ಇದೆಯಾ ನೋಡಿ. ಇದ್ದರೆ ಡಾಕ್ಟರ್ ಹೇಳುವವರೆಗೆ ಅಂಕಣಕ್ಕೆ ಇಳಿಸಬೇಡಿ.

ಆಮೇಲೆ ಅವನ ರೇಡನ್ನು ಮೊಬೈಲಿನಲ್ಲಿ ಸೆರೆಹಿಡಿಯಿರಿ. ಪಕ್ಕದಿಂದ, ನೆಲಮಟ್ಟಕ್ಕೆ ಇಟ್ಟು. ಮುಖ ಕಾಣದಿದ್ದರೂ ನಡೆಯುತ್ತದೆ, ಪಾದ ಕಾಣಬೇಕು. ಚೆನ್ನಾಗಿ ಆಡುವ ರೇಡರ್‌ನ ಭಾರ ಮುಂಗಾಲಿನ ಬೆರಳ ಬುಡದಲ್ಲಿರುತ್ತದೆ, ಹಿಮ್ಮಡಿ ನೆಲಕ್ಕೆ ತಾಗಿದರೂ ತಾಗದ ಹಾಗೆ. ಅಂಜಿದವನು ಹಿಮ್ಮಡಿ ಊರಿ ನಿಲ್ಲುತ್ತಾನೆ. ಕೈ ಮುಂದೆ ಹೋಗುತ್ತದೆ, ಸೊಂಟ ಹಿಂದೆಯೇ ಉಳಿಯುತ್ತದೆ. ಕಾರ್ನರ್ ಆಡಿದ ನನಗೆ ಇದು ಚೆನ್ನಾಗಿ ಗೊತ್ತು. ಹಿಮ್ಮಡಿ ಊರಿದವನನ್ನು ಹಿಡಿಯುವಷ್ಟು ಸುಲಭ ಬೇರೆ ಇಲ್ಲ. ಅಂದರೆ ಸಿಕ್ಕಿಬೀಳುತ್ತೇನೆ ಎಂಬ ಅಂಜಿಕೆಯೇ ಅವನನ್ನು ಸಿಕ್ಕಿಸುತ್ತದೆ. ಕಿವಿಯನ್ನೂ ಕೊಡಿ. ಧೈರ್ಯವಿದ್ದಾಗ ಕಬಡ್ಡಿ ಕಬಡ್ಡಿ ಅನ್ನುವ ದಮ್ಮು ಹೊಟ್ಟೆಯಿಂದ, ಒಂದೇ ಲಯದಲ್ಲಿ ಬರುತ್ತದೆ. ನಮ್ಮವನ ದಮ್ಮು ಗಂಟಲಿಗೆ ಏರಿತ್ತು, ಹತ್ತು ಸೆಕೆಂಡಿಗೇ ಓಡಲು ಶುರುವಾಗುತ್ತಿತ್ತು. ರೇಡಿಗೆ 30 ಸೆಕೆಂಡ್ ಇದೆ. ಅದಕ್ಕೆ ದಿನಾ ಮೊದಲು ಅಂಕಣದ ಸುತ್ತ ನಡೆಯುತ್ತಾ 30 ಸೆಕೆಂಡ್ ಬರೀ ದಮ್ಮು ಹಾಕಿಸಿ, ಐದು ಸಲ.

ಈಗ ಮುಖ್ಯ ಪಾಠ. ಅವನಿಗೆ ತಪ್ಪಿಸಿಕೊಳ್ಳುವುದನ್ನು ಕಲಿಸುವ ಮೊದಲು ಸಿಕ್ಕಿಬೀಳುವುದನ್ನು ರೂಢಿ ಮಾಡಿಸಬೇಕು. ನೆಲ ಮೆತ್ತಗಿರಲಿ. ನಮ್ಮ ಕಡೆಯ ಎರೆ ಮಣ್ಣು ಒಣಗಿದರೆ ಬಿರುಕು ಬಿಟ್ಟು ಕಾಲು ತಿರುಚುತ್ತದೆ. ಹಾಗಾಗಿ ನಾವು ಮಸಾರಿ (ಕೆಂಪು) ಮಣ್ಣು ತರಿಸಿ, ಹಿಂದಿನ ದಿನ ನೀರು ಹೊಡೆದು, ಮರುದಿನ ಕೆದರಿ ಬಿಡುತ್ತೇವೆ. ಅವನು ಟೋ ಟಚ್‌ಗೆ, ಅಂದರೆ ಕಾಲ್ಬೆರಳಿನಿಂದ ಮುಟ್ಟಲು, ಕಾಲು ಚಾಚಲಿ. ಕಾರ್ನರ್‌ನವನು ಬೇಕಂತಲೇ ಪಾದ ಹಿಡಿಯಲಿ, ಆದರೆ ಅರ್ಧ ಬಲದಲ್ಲಿ. ಆಗ ನೇರ ನಿಂತು ಕಾಲು ಜಗ್ಗಬಾರದು. ಎಲ್ಲ ಹುಡುಗರೂ ಮಾಡುವ ತಪ್ಪು ಇದೇ. ಸೊಂಟ ತಗ್ಗಿಸಬೇಕು, ಸಿಕ್ಕ ಪಾದವನ್ನು ತಿರುಚಬೇಕು, ಇನ್ನೊಂದು ಕಾಲಿನಿಂದ ನೆಲ ಒದ್ದು ಮೈಯನ್ನು ಮಿಡ್ ಲೈನಿನತ್ತ, ಅಂದರೆ ಅಂಕಣದ ನಡುಗೆರೆಯತ್ತ, ಚಾಚಬೇಕು. ಹಿಡಿತ ಒಂದು ಗಳಿಗೆ ಸಡಿಲಾದರೆ ಸಾಕು. ದಿನಕ್ಕೆ ಹತ್ತು ಸಲ, ಹೆಚ್ಚು ಬೇಡ. ಮೊದಲ ವಾರ ನಾನೇ ಅವನ ಪಾದ ಹಿಡಿದೆ. ಮೊದಲ ದಿನ ನನ್ನ ಕೈ ತಾಗುತ್ತಲೇ ಅವನ ಮೈ ಕಟ್ಟಿಗೆಯಾಯಿತು. ಎಂಟನೇ ದಿನ ಕೈಯಿಂದ ಮೀನು ಜಾರಿದ ಹಾಗೆ ಜಾರಿ ಹೋದ, ಎದ್ದು ನಕ್ಕ. ಆ ನಗು ಕಂಡು ಎರಡು ತಿಂಗಳಾಗಿತ್ತು.

ಇದರ ಜೊತೆಗೇ ಸಣ್ಣ ಸಣ್ಣ ಕೆಲಸ ಕೊಡಿ. "ಪಾಯಿಂಟ್ ತಾ" ಅನ್ನಬೇಡಿ. ಮೊದಲ ಕೆಲವು ದಿನ, ಮಿಡ್ ಲೈನಿನಿಂದ 3.75 ಮೀಟರ್ ದೂರದ ಬಾಕ್ ಲೈನ್ ದಾಟಿ ಬಂದರೆ ಅವತ್ತಿನ ಕೆಲಸ ಮುಗೀತು. ಆಮೇಲೆ ಇನ್ನೊಂದು ಮೀಟರ್ ಆಚೆಯ ಬೋನಸ್ ಗೆರೆ, ಅದನ್ನು ದಾಟಿ ಕಾಲಿಟ್ಟರೆ ಒಂದು ಹೆಚ್ಚುವರಿ ಪಾಯಿಂಟ್. ಎದುರಿಗೆ ಆರು ಅಥವಾ ಏಳು ಜನ ಇದ್ದಾಗ ಮಾತ್ರ ಬೋನಸ್ ಸಿಗುತ್ತದೆ, ಹಿಂದಿನ ಕಾಲು ಗಾಳಿಯಲ್ಲಿರಬೇಕು. ಹಿಮ್ಮಡಿ ಊರುವವನಿಗೆ ಇದು ಒಳ್ಳೆ ಮದ್ದು, ಯಾಕೆಂದರೆ ಭಾರ ಮುಂದಕ್ಕೆ ಹೋಗದೆ ಹಿಂದಿನ ಕಾಲು ಏಳುವುದೇ ಇಲ್ಲ. ಟಚ್ ಮಾಡುವ ಮಾತು ಕೊನೆಗೆ.

ಮ್ಯಾಚಿಗೆ ಇಳಿಸುವಾಗ ಕ್ಯಾಪ್ಟನ್ ಜೊತೆ ಮೊದಲೇ ಮಾತಾಡಿಟ್ಟುಕೊಳ್ಳಿ. ತಂಡಕ್ಕೆ ಸತತ ಎರಡು ಖಾಲಿ ರೇಡ್ (ಪಾಯಿಂಟ್ ಇಲ್ಲದೆ ಬಂದದ್ದು) ಆದಮೇಲೆ ಮೂರನೆಯದು ಡೂ ಆರ್ ಡೈ, ಪಾಯಿಂಟ್ ತರದಿದ್ದರೆ ಔಟ್. ಮೊದಲ ಎರಡು ಮ್ಯಾಚಿನಲ್ಲಿ ಆ ಮೂರನೇ ರೇಡಿಗೆ ಇವನನ್ನು ಕಳಿಸಬೇಡಿ. ಇದರಲ್ಲಿ ಅವಮಾನ ಇಲ್ಲ ಅಂತ ಅವನಿಗೂ ಬಿಡಿಸಿ ಹೇಳಿ. ನಾನು ಹೆಸರಾಂತ ರೇಡರ್ ಪವನ್ ಸೆಹ್ರಾವತ್ ಕಥೆ ಹೇಳಿದ್ದೆ. ಪ್ರೊ ಕಬಡ್ಡಿಯ 5ನೇ ಸೀಸನ್ನಿನಲ್ಲಿ ಗುಜರಾತ್ ತಂಡದಲ್ಲಿದ್ದಾಗ ಅವರಿಗೆ ಆಡಲು ಸಿಕ್ಕಿದ್ದೇ ಕಡಿಮೆ. ಬೆಂಗಳೂರು ಬುಲ್ಸ್‌ಗೆ ವಾಪಸ್ ಬಂದು, 2019ರ ಜನವರಿ 5ರಂದು ಮುಂಬೈಯ ಫೈನಲ್ಲಿನಲ್ಲಿ ಅದೇ ಗುಜರಾತ್ ಎದುರು 22 ಪಾಯಿಂಟ್ ತಂದರು. ಬುಲ್ಸ್ 38–33ರಿಂದ ಕಪ್ ಗೆದ್ದಿತು. ಹುಡುಗ ಆ ಮ್ಯಾಚನ್ನು ಎಷ್ಟೋ ಸಲ ನೋಡಿದ್ದ, ಅದರ ಹಿಂದಿನ ಸೀಸನ್ ಹೇಗಿತ್ತು ಅನ್ನುವುದು ಮಾತ್ರ ಗೊತ್ತಿರಲಿಲ್ಲ.

ಗೆರೆಯಾಚೆ ನಿಂತು ಕೂಗುವವರನ್ನೂ ಸಂಭಾಳಿಸಬೇಕು. "ಹೋಗಲೇ, ಹಿಂದ್ಯಾಕ ಬರ್ತಿ" ಅಂತ ಕೂಗುವವರು ನಮ್ಮೂರ ಹಿರಿಯರೇ, ಪ್ರೀತಿಯಿಂದಲೇ ಕೂಗುತ್ತಾರೆ. ಆದರೂ ಒಂದು ತಿಂಗಳು ಸುಮ್ಮನಿರಿ ಅಂತ ಕೈಮುಗಿದು ಕೇಳಿದೆ. ಕೇಳಿದರು ಕೂಡ.

ವಾಪಸ್ ಬಂದ ಮೊದಲ ಮ್ಯಾಚಿನಲ್ಲೇ ಅವನು ಸಿಕ್ಕಿಬೀಳುತ್ತಾನೆ. ಬಿದ್ದೇ ಬೀಳುತ್ತಾನೆ, ಅದಕ್ಕೆ ನೀವು ತಯಾರಿರಿ. ಔಟಾಗಿ ಹೊರಗೆ ಕೂತಾಗ ಸಮಾಧಾನ ಹೇಳಬೇಡಿ, ತಪ್ಪೂ ಎತ್ತಬೇಡಿ. ನೋಡುವ ಕೆಲಸ ಕೊಡಿ. ನಾನು ಪಕ್ಕ ಕೂತು, "ತಮ್ಮಾ, ಅವರ ರೈಟ್ ಕವರ್ ಯಾವ ಕಾಲ ಮುಂದಿಡ್ತಾನ ನೋಡಿ ಹೇಳು" ಅಂದೆ. ರೈಟ್ ಕವರ್ ಅಂದರೆ ಬಲಗಡೆ ನಿಂತು ಹಿಡಿಯುವ ಆಟಗಾರ. ಟವೆಲ್ಲಿನಿಂದ ಮುಖ ಒರೆಸುವುದನ್ನು ಅಲ್ಲಿಗೇ ಬಿಟ್ಟು ನೋಡುತ್ತಾ ಕೂತ. ನಮ್ಮವರು ಒಂದು ಪಾಯಿಂಟ್ ತಂದು ಅವನನ್ನು ಒಳಗೆ ಕರೆದಾಗ, "ಎಡಗಾಲ್ರಿ ಕಾಕಾ" ಅನ್ನುತ್ತಾ ಎದ್ದು ಓಡಿದ.