ಕೆಲಸ ಕಲಿಸಿ ಪಕ್ಕಕ್ಕೆ ಸರಿಯುವುದು ಹೇಗೆ?

ಬೇಕರಿಯ ಹಿಂಬದಿಯ ಪ್ಯಾಕಿಂಗ್ ಕೋಣೆ. ಬೌದ್ಧಿಕ ಅಂಗವೈಕಲ್ಯವಿರುವ ಇಪ್ಪತ್ತೆರಡರ ಹುಡುಗ ಕವರಿಗೆ ರಸ್ಕ್ ತುಂಬುತ್ತಿದ್ದ. ಕೆಲಸದ ಜಾಗದಲ್ಲೇ ನಿಂತು ಕೆಲಸ ಕಲಿಸುವ ಜಾಬ್ ಕೋಚ್ ಆಗಿ ಹೋಗಿದ್ದ ನಾನು ಪಕ್ಕದಲ್ಲೇ ನಿಂತಿದ್ದೆ, ಬಾಯಿಗೆ ಬಿಡುವಿರಲಿಲ್ಲ. ‘ಕವರ್ ತಗೋ. ಹಾಂ, ಈಗ ರಸ್ಕ್ ಹಾಕು. ತೂಕ ನೋಡಿದ್ಯಾ? ಶಭಾಷ್, ಸೀಲ್ ಮಾಡು.’ ಎಂಟು ವಾರ ಹೀಗೇ ನಡೆಯಿತು. ಒಂಬತ್ತನೇ ವಾರ ನಾನು ಹೋಗಲಿಲ್ಲ. ಹುಡುಗ ಖಾಲಿ ಕವರ್ ಹಿಡಿದುಕೊಂಡು ಮಧ್ಯಾಹ್ನದವರೆಗೆ ಬಾಗಿಲು ನೋಡುತ್ತ ಕೂತಿದ್ದನಂತೆ. ‘ಇವನ ಕೈಲಿ ಆಗಲ್ಲ ಮೇಡಂ’ ಅಂತ ಮಾಲೀಕರ ಫೋನ್ ಬಂತು.

ಅವನಿಗೆ ಕೆಲಸ ಬರುತ್ತಿರಲಿಲ್ಲ ಎಂದಲ್ಲ. ನನ್ನ ಮಾತು ಕಿವಿಗೆ ಬಿದ್ದರೆ ಕೈ ಆಡಿಸಬೇಕು ಎಂದು ನಾನೇ ಕಲಿಸಿದ್ದೆ. ಆಮೇಲೆ ವಿಶೇಷ ಶಾಲೆಯ ಟೀಚರುಗಳು, ಅಮ್ಮಂದಿರು, ಕಂಪನಿಯ ಎಚ್‌ಆರ್‌ನವರು ಇದೇ ಎಡವಟ್ಟು ಮಾಡುವುದನ್ನು ಎಷ್ಟೋ ಸಲ ನೋಡಿದ್ದೇನೆ. ಅದಕ್ಕೇ ಈ ಬರಹ.

ಹಂತ 1: ಕಾಗದಪತ್ರ

ಯುಡಿಐಡಿ ಕಾರ್ಡ್ (ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ), ಆಧಾರ್, ಅವನದೇ ಹೆಸರಿನ ಬ್ಯಾಂಕ್ ಖಾತೆ. ಕಾರ್ಡ್ ಆಗಿಲ್ಲದಿದ್ದರೆ ತಾಲ್ಲೂಕಿನ ಎಂಆರ್‌ಡಬ್ಲ್ಯು (ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು) ಅಥವಾ ಪಂಚಾಯಿತಿಯ ವಿಆರ್‌ಡಬ್ಲ್ಯು (ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು) ಅವರನ್ನು ಹಿಡಿಯಿರಿ. ಇಷ್ಟು ಸಾಕು.

ಸರ್ಕಾರಿ ಕೆಲಸಕ್ಕೇ ಕಾಯುತ್ತೇವೆ ಎನ್ನುವ ಮನೆಯವರಿಗೆ ಒಂದು ಮಾತು. 1995ರ ಅಂಗವಿಕಲರ ಕಾಯ್ದೆಯ ಶೇ 3ರ ಮೀಸಲಾತಿಯಲ್ಲಿ ಬೌದ್ಧಿಕ ಅಂಗವೈಕಲ್ಯಕ್ಕೆ ಪಾಲೇ ಇರಲಿಲ್ಲ. 2016ರ ಕಾಯ್ದೆ ಅದನ್ನು ಶೇ 4ಕ್ಕೆ ಏರಿಸಿತು. ಆದರೆ ಆಟಿಸಂ, ಬೌದ್ಧಿಕ ಅಂಗವೈಕಲ್ಯ, ಕಲಿಕಾ ನ್ಯೂನತೆ, ಮಾನಸಿಕ ಕಾಯಿಲೆ, ಬಹುವಿಧ ಅಂಗವೈಕಲ್ಯ ಎಲ್ಲ ಸೇರಿ ಹಂಚಿಕೊಳ್ಳಬೇಕಾದದ್ದು ಅದರಲ್ಲಿ ಶೇ 1 ಮಾತ್ರ. ಅರ್ಜಿ ಹಾಕಿ, ಬೇಡ ಅನ್ನುವುದಿಲ್ಲ. ಹಾಕಿ ಮನೆಯಲ್ಲಿ ಕೂರಿಸಬೇಡಿ.

ಹಂತ 2: ಮೊದಲು ಕೆಲಸ, ಆಮೇಲೆ ತರಬೇತಿ

ಮೇಣದಬತ್ತಿ, ಫಿನಾಯಿಲ್, ಪೇಪರ್ ಕವರ್. ಈ ಮೂರರಲ್ಲೇ ಹತ್ತು ವರ್ಷ ‘ತರಬೇತಿ’ ಮುಗಿಸಿ, ಗೋಡೆ ತುಂಬ ಸರ್ಟಿಫಿಕೇಟ್ ನೇತುಹಾಕಿಕೊಂಡು ಮನೆಯಲ್ಲೇ ಇರುವವರು ನನಗೆ ಗೊತ್ತು. ಒಂದು ಜಾಗದಲ್ಲಿ ಕಲಿತದ್ದನ್ನು ಇನ್ನೊಂದು ಜಾಗಕ್ಕೆ ಒಯ್ಯುವುದೇ ಇವರಿಗೆ ಕಷ್ಟ. ಹಾಗಾಗಿ ಕೆಲಸ ಮಾಡಬೇಕಾದ ಮೇಜಿನ ಮೇಲೇ ಕಲಿಸಬೇಕು. ಅಮೆರಿಕದಲ್ಲಿ 1970ರ ದಶಕದಲ್ಲಿ ಮಾರ್ಕ್ ಗೋಲ್ಡ್ ಎಂಬ ಸಂಶೋಧಕ, ‘ಇವರಿಗೆ ಏನೂ ಬಾರದು’ ಎಂದು ಎಲ್ಲರೂ ಕೈಬಿಟ್ಟಿದ್ದವರಿಂದ ಸೈಕಲ್ ಬ್ರೇಕಿನ 15 ಬಿಡಿಭಾಗಗಳ ಜೋಡಣೆ ಮಾಡಿಸಿ ತೋರಿಸಿದ್ದ. ಕೆಲಸವನ್ನು ತುಂಡು ಮಾಡಿ ಕಲಿಸಿದ, ಮಾತು ಬಹಳ ಕಡಿಮೆ ಆಡಿದ.

ಜಾಗ ಹುಡುಕುವಾಗ ಸಂಬಳಕ್ಕಿಂತ ಮೊದಲು ಬಸ್ ನೋಡಿ. ಎರಡು ಬಸ್ ಬದಲಿಸಬೇಕಾದ ಕೆಲಸ ಬೇಡ.

ಹಂತ 3: ಕೆಲಸವನ್ನು ಬಿಡಿಸಿ ಬರೆಯಿರಿ

ಅವನನ್ನು ಕರೆದೊಯ್ಯುವ ಮುಂಚೆ ಅರ್ಧ ದಿನ ನೀವೇ ಆ ಕೆಲಸ ಮಾಡಿ. ಮಾಲೀಕರ ಬಾಯಲ್ಲಿ ‘ರಸ್ಕ್ ಪ್ಯಾಕ್ ಮಾಡೋದು’ ಎಂಬ ಒಂದೇ ಮಾತು ನನ್ನ ನೋಟ್‌ಬುಕ್ಕಿನಲ್ಲಿ 14 ಸಾಲಾಯಿತು. ಕವರಿನ ಬಾಯಿ ಬಿಡಿಸುವುದಕ್ಕೇ ಎರಡು ಸಾಲು, ಕವರ್ ಅಂಟಿಕೊಂಡಿರುತ್ತದಲ್ಲ. ಬರೆಯುತ್ತ ಹೋದಂತೆ ಎಲ್ಲಿ ಸಿಕ್ಕಿಬೀಳುತ್ತಾನೆ ಎಂಬುದೂ ಕಾಣುತ್ತದೆ. ನಮ್ಮ ಹುಡುಗನಿಗೆ ಹನ್ನೆರಡರವರೆಗೆ ಎಣಿಸಲು ಬರುತ್ತಿರಲಿಲ್ಲ. ಎಣಿಕೆ ಕಲಿಸಲು ಕೂರಲಿಲ್ಲ. ಬಡಗಿಯ ಹತ್ತಿರ 12 ಗೂಡುಗಳ ಮರದ ತಟ್ಟೆ ಮಾಡಿಸಿದೆವು. ಗೂಡು ತುಂಬಿದರೆ ಲೆಕ್ಕ ಸರಿ.

ಅಂಗಡಿಯಲ್ಲಿ ಸಿಗುವ ಕಾರ್ಟೂನ್ ಚಿತ್ರದ ಚಾರ್ಟುಗಳನ್ನು ಮಾತ್ರ ಕೊಳ್ಳಬೇಡಿ. ಅದರಲ್ಲಿರುವ ಅಡುಗೆಮನೆಗೂ ನಿಮ್ಮ ಬೇಕರಿಗೂ ಸಂಬಂಧವಿಲ್ಲ, ಹೊಳೆಯುವ ಲ್ಯಾಮಿನೇಷನ್ ಮೇಲೆ ಟ್ಯೂಬ್‌ಲೈಟ್ ಬಿದ್ದರೆ ಚಿತ್ರವೇ ಕಾಣದು. ಅದೇ ಮೇಜು, ಅದೇ ಕವರ್, ಅವನದೇ ಕೈ ಇರುವ ಫೋಟೊ ಮೊಬೈಲಿನಲ್ಲಿ ತೆಗೆದು ಹೊಳಪಿಲ್ಲದ ಕಾಗದದಲ್ಲಿ ಪ್ರಿಂಟ್ ಹಾಕಿಸಿ. ಹೊತ್ತುಹೊತ್ತಿಗೆ ನೆನಪಿಸುವ ಆ್ಯಪ್‌ಗಳೂ ನನಗೆ ಹಿಡಿಸಿಲ್ಲ. ಫೋನ್ ಕೈಗೆ ಬಂದರೆ ರಸ್ಕ್ ಮರೆತುಹೋಗುತ್ತದೆ, ನನಗೂ ಅಷ್ಟೆ.

ಹಂತ 4: ಬಾಯಿ ಮುಚ್ಚುವುದು

ಎಲ್ಲರೂ ಮುಗ್ಗರಿಸುವುದು ಇಲ್ಲಿ.

ನೆರವು ನಾಲ್ಕು ಬಗೆ: ಕೈ ಹಿಡಿದು ಮಾಡಿಸುವುದು, ಮಾಡಿ ತೋರಿಸುವುದು, ಬೆರಳಿನಿಂದ ಸನ್ನೆ ಮಾಡುವುದು, ಬಾಯಲ್ಲಿ ಹೇಳುವುದು. ಮಾತೇ ಎಲ್ಲಕ್ಕಿಂತ ಹಗುರ ಎಂದು ಬಹಳ ಮಂದಿ ಅಂದುಕೊಂಡಿದ್ದಾರೆ. ತೆಗೆಯಲು ಹೋದಾಗ ಗೊತ್ತಾಗುತ್ತದೆ ಅದರ ಭಾರ. ಹಿಡಿದ ಕೈಯನ್ನು ಮುಂಗೈಯಿಂದ ಮೊಣಕೈಗೆ, ಅಲ್ಲಿಂದ ಭುಜಕ್ಕೆ ಸರಿಸಿ ಬಿಟ್ಟುಬಿಡಬಹುದು, ಬಿಟ್ಟದ್ದು ಕಣ್ಣಿಗೆ ಕಾಣುತ್ತದೆ. ಮಾತು ಹಾಗಲ್ಲ. ‘ಹಾಂ’, ‘ಹ್ಞೂಂ’, ‘ಆಮೇಲೆ?’ ಎಂದು ನಮಗೇ ಗೊತ್ತಿಲ್ಲದಂತೆ ಜಾರುತ್ತದೆ. ಸೀಲ್ ಆದಾಗಲೆಲ್ಲ ಶಭಾಷ್ ಎಂದರೆ ಆ ಶಭಾಷ್ ಕೂಡ ಕೆಲಸದ ಹದಿನೈದನೇ ಸಾಲಾಗಿ ಸೇರಿಕೊಳ್ಳುತ್ತದೆ. ಅದು ಬರುವವರೆಗೆ ಮುಂದಿನ ಕವರ್ ಎತ್ತುವುದಿಲ್ಲ. ಹೊಗಳಿಕೆಯನ್ನು ಟೀ ಹೊತ್ತಿಗೆ ಇಟ್ಟುಕೊಳ್ಳಿ.

ಹಾಗಾಗಿ ಮೊದಲ ದಿನದಿಂದಲೇ ಸನ್ನೆ. ಅದೂ ಅವನ ಕಡೆಗಲ್ಲ, ವಸ್ತುವಿನ ಕಡೆಗೆ. ತುಂಬಿದ ಪ್ಯಾಕೆಟ್ ಕ್ರೇಟಿಗೆ ಹೋದ ಮೇಲೆ ಮೇಜಿನಲ್ಲಿ ಜಾಗ ಖಾಲಿಯಾಗುತ್ತದಲ್ಲ, ಆ ಖಾಲಿ ಜಾಗವನ್ನು ತೋರಿಸಿ. ನಾಳೆ ನೀವು ಇಲ್ಲದಿದ್ದರೂ ಅದು ಅಲ್ಲಿರುತ್ತದೆ.

ಅವನು ತಡೆದು ನಿಂತರೆ ಮನಸ್ಸಿನಲ್ಲೇ ಹತ್ತು ಎಣಿಸಿ. ಐದು ಸಾಕು ಎನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ಎಂಟನೇ ಎಣಿಕೆಗೆ ಕೈ ಚಾಚಿದವರನ್ನು ಬೇಕಾದಷ್ಟು ನೋಡಿದ್ದೇನೆ. ತಪ್ಪು ಮಾಡುವಂತೆ ಕಂಡರೆ ‘ಅಲ್ಲ, ಅಲ್ಲ’ ಎಂದು ಕೂಗಬೇಡಿ. ಸುಮ್ಮನೆ ಕೈ ತಡೆದು, ಹಿಂದಿನ ಸಾಲಿಗೆ ತಂದುಬಿಡಿ. ಅಲ್ಲಿಂದ ಅವನೇ ಹೊರಡಲಿ.

ನಿಲ್ಲುವ ಜಾಗವೂ ಮುಖ್ಯ. ಎದುರಿಗೆ ನಿಂತರೆ ಅವನು ನೋಡುವುದು ನಿಮ್ಮ ಮುಖ. ನಿಮ್ಮ ಹುಬ್ಬು ಓದಿಕೊಂಡೇ ಪ್ಯಾಕೆಟ್ ತುಂಬುತ್ತಾನೆ. ಭುಜದ ಹಿಂದೆ ನಿಲ್ಲಿ. ಮುಂದಿನ ವಾರ ಎರಡು ಹೆಜ್ಜೆ ಹಿಂದೆ, ಆಮೇಲೆ ಕೋಣೆಯ ಆ ತುದಿ, ಆಮೇಲೆ ಹೊಸಿಲಾಚೆ.

ಯಾವಾಗ ಸರಿಯಬೇಕು ಎನ್ನುವುದನ್ನು ಅಂದಾಜಿಗೆ ಬಿಡಬೇಡಿ. 14 ಸಾಲಿನ ಎದುರೂ ದಿನವೂ ಒಂದು ಅಕ್ಷರ ಹಾಕಿ: ತಾನೇ ಮಾಡಿದರೆ ‘ತಾ’, ಸನ್ನೆ ಬೇಕಾದರೆ ‘ಸ’, ಮಾತು ಬೇಕಾದರೆ ‘ಮಾ’, ಕೈ ಹಿಡಿದರೆ ‘ಕೈ’. ಮೂರು ದಿನ ಸತತ ‘ತಾ’ ಬಿದ್ದ ಸಾಲಿಗೆ ಮತ್ತೆ ಬಾಯಿ ಹಾಕಬೇಡಿ. ನೀವು ಆಚೆ ಹೋದ ಮೊದಲ ದಿನ ತಪ್ಪು ಹೆಚ್ಚುತ್ತದೆ. ಓಡಿಬರಬೇಡಿ, ಎರಡು ದಿನ ತಡೆಯಿರಿ.

ಮಾಲೀಕರು ಕ್ರೇಟ್ ಎಣಿಸುತ್ತಾರೆಂದು ಕೋಚ್ ತಾನೇ ನಾಲ್ಕು ಪ್ಯಾಕೆಟ್ ತುಂಬಿ ಸೇರಿಸುವುದುಂಟು. ಇದು ಮೋಸ. ಮೊದಲ ತಿಂಗಳು ಎಷ್ಟು ಕಡಿಮೆಯಾಗುತ್ತದೆ ಎಂದು ಅವನನ್ನು ಕೆಲಸಕ್ಕೆ ಸೇರಿಸುವ ದಿನವೇ ಮಾಲೀಕರಿಗೆ ಹೇಳಿಬಿಡಿ.

ಹಂತ 5: ಪಕ್ಕದ ಮೇಜಿನವರು

ಜೊತೆಗಾರರನ್ನು ನೀವು ನೇಮಿಸಬೇಡಿ. ಟೀ ಹೊತ್ತಿಗೆ ಅವನು ಯಾರ ಹತ್ತಿರ ಹೋಗಿ ಕೂರುತ್ತಾನೆ ನೋಡಿ, ಅವರೇ ಸರಿ. ನಮ್ಮ ಹುಡುಗ ಹೋದದ್ದು ಸೂಪರ್‌ವೈಸರ್ ಹತ್ತಿರವಲ್ಲ, ಬನ್ ಕತ್ತರಿಸುವ ಅಕ್ಕನ ಹತ್ತಿರ. ನಾನು ಮತ್ತೆ ಹೋಗಿ ಮೂರು ವಾರ ಬಾಯಿಗೆ ಬೀಗ ಹಾಕಿ ಕಲಿಸುವಾಗ ಆ ಅಕ್ಕನನ್ನೂ ಪಕ್ಕದಲ್ಲಿ ನಿಲ್ಲಿಸಿಕೊಂಡೆ. ಅವರಿಗೆ ಹೇಳಿದ್ದು ಎರಡೇ ಮಾತು: ‘ಪಾಪ’ ಅನ್ನಬೇಡಿ, ‘ಮಗು’ ಅನ್ನಬೇಡಿ.

ಸಂಬಳದ ಬದಲು ‘ಪ್ರೋತ್ಸಾಹಧನ’ ಎನ್ನುವ ಮಾಲೀಕರಿದ್ದರೆ ಅಲ್ಲಿಂದ ಎದ್ದುಬನ್ನಿ.

ಹಂತ 6: ಆಮೇಲೆ

ವಾರಕ್ಕೊಮ್ಮೆ, ಹದಿನೈದು ದಿನಕ್ಕೊಮ್ಮೆ, ತಿಂಗಳಿಗೊಮ್ಮೆ ಹೋಗಿ ಬನ್ನಿ. ಕ್ಯಾಲೆಂಡರಿಗಿಂತ ಬದಲಾವಣೆಗಳ ಮೇಲೆ ಕಣ್ಣಿರಲಿ: ಹೊಸ ಸೀಲಿಂಗ್ ಮಷಿನ್, ಶಿಫ್ಟ್ ಬದಲು, ಜೊತೆಗಾರರು ಕೆಲಸ ಬಿಡುವುದು. ಕೆಲಸ ಕೆಡುವುದು ಇಂಥ ದಿನಗಳಲ್ಲೇ. ಹೋದ ದಸರಾಕ್ಕೆ ಬೇಕರಿಯಲ್ಲಿ ರಸ್ಕ್ ಕವರಿನ ಅಳತೆ ಬದಲಾಯಿತು, ಒಂದಕ್ಕೆ ಹತ್ತೇ ರಸ್ಕ್. ಸುದ್ದಿ ತಿಳಿದು ಚೀಲ ಹೆಗಲಿಗೇರಿಸುವಷ್ಟರಲ್ಲಿ ಅಕ್ಕನ ಫೋನ್ ಬಂತು. ತಟ್ಟೆಯ ಎರಡು ಗೂಡಿಗೆ ರಟ್ಟು ತುರುಕಿದ್ದಾರಂತೆ. ‘ನೀವು ಬರೋದೇನೂ ಬೇಡ ಮೇಡಂ, ಬಂದ್ರೆ ಮಾತಾಡಿಬಿಡ್ತೀರಿ’ ಅಂದರು.